ಅಂಗೈಯಗಲದ ಟ್ರಾನ್ಸ್‌ಫಾರ್ಮರ್

ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರು ಅದನ್ನು ಕೈಯಲ್ಲಿ ತೂಗಿ ನೋಡುವುದನ್ನು ನೀವು ಕಂಡಿರುತ್ತೀರಿ. ಬೆಳಗಾವಿಯ ಉದ್ಯಮಬಾಗದ ನಮ್ಮ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರನ್ನೂ ಹಾಗೆಯೇ ಆರಿಸುತ್ತಾರೆ. ಮೂವತ್ತು ವರ್ಷ ತಂತಿ ಸುತ್ತಿದ ಕಲ್ಲಪ್ಪನ ಮಟ್ಟಿಗೆ ಕೈಗೆ ಭಾರವಾದದ್ದೇ ಒಳ್ಳೆಯ ಮಾಲು. ಅಧಿಕ ಆವರ್ತನದ ವಿದ್ಯುತ್ತಿಗೆ ಕಬ್ಬಿಣದ ಗುಡ್ಡ ಬೇಡ, ಅಂಗೈಯಗಲದ ಫೆರೈಟ್ ಎಂಬ ಹಗುರ ಕಾಂತವಸ್ತು ಸಾಕು ಎಂದು ನಾನು ಅವನಿಗೆ ಆಗಾಗ ಉಪನ್ಯಾಸ ಬಿಗಿಯುತ್ತಿದ್ದೆ. ಪದವೀಧರನ ಬಾಯಿಗೆ ಬೀಗವೆಲ್ಲಿ?

ಖಾನಾಪುರದಲ್ಲಿದ್ದ ಅಕ್ಕನ ಶ್ವಾಸಕೋಶ ಸೋತು, ಆಕೆ ದಿನವಿಡೀ ಆಮ್ಲಜನಕದ ಯಂತ್ರಕ್ಕೆ ಮೂಗೊಡ್ಡಿ ಕೂರಬೇಕಾಯಿತು. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಅಂಗಡಿಯಿಂದ ಇನ್ವರ್ಟರ್ ತರೋಣವೆಂದರು ಭಾವ. ಎಂಜಿನಿಯರ್ ಮೈದುನ ಜೀವಂತವಿರುವಾಗ ಅಂಗಡಿಯೇಕೆಂದು ನಾನೇ ತಡೆದೆ. ರಾಮತೀರ್ಥ ನಗರದ ನನ್ನ ಮನೆಯ ಊಟದ ಮೇಜಿನ ಮೇಲೆ ಲೆಕ್ಕ ಹಾಕಿ, ಬ್ಯಾಟರಿಯ ಹನ್ನೆರಡು ವೋಲ್ಟನ್ನು ಮುನ್ನೂರರಾಚೆಗೆ ಏರಿಸುವ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ಆರಿಸಿದೆ.

"ಸಾಹೇಬ್ರ, ದೊಡ್ಡದು ಹಾಕ್ರಿ. ಆ ಮಷಿನ್ದಾಗ ಮೋಟರ್ ಐತಿ, ಚಾಲೂ ಆಗೂವಾಗ ಭಾಳ ಎಳಿತೈತಿ," ಎಂದ ಕಲ್ಲಪ್ಪ. ನಾನು ನಕ್ಕೆ.

ಇನ್ವರ್ಟರ್ ಕಟ್ಟಿ ಪೆಟ್ಟಿಗೆಯಲ್ಲಿ ಕೂರಿಸಿದೆ. ಏನನ್ನೇ ಪರೀಕ್ಷಿಸುವುದಿದ್ದರೂ ಹಲಗೆಯ ಮೇಲೆ ಬಲ್ಬುಗಳನ್ನು ಜೋಡಿಸಿ ಉರಿಸುವುದು ನಮ್ಮಲ್ಲಿನ ವಾಡಿಕೆ. ಒಂದೊಂದಾಗಿ ಹೊತ್ತಿಸಿದೆ, ತಾಸುಗಟ್ಟಲೆ ಉರಿದವು. ಬಲ್ಬುಗಳು ಮೋಟರಿನಂತೆ ಒಮ್ಮೆಲೇ ಜಗ್ಗುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಆದರೆ ನಿಜವಾದ ಯಂತ್ರದಲ್ಲಿ ನೋಡಬೇಕೆಂದರೆ ಅಕ್ಕನ ಮೂಗಿನ ನಳಿಕೆ ತೆಗೆಯಬೇಕು. ಅದಕ್ಕೆ ಮನಸ್ಸು ಬರಲಿಲ್ಲ.

"ತಮ್ಮಾ, ಎಷ್ಟ್ ಸಣ್ಣದೈತೋ! ಚಂದ ಮಾಡೀಯಪಾ," ಎಂದು ಅಕ್ಕ ನಾನು ಖಾನಾಪುರಕ್ಕೆ ಒಯ್ದ ಪೆಟ್ಟಿಗೆಯನ್ನು ಸವರಿದಳು. ಹಿರಿಹಿರಿ ಹಿಗ್ಗಿದೆ.

ಆಷಾಢದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಭಾವ ಸ್ವಿಚ್ಚು ಒತ್ತಿದರು. ಮೋಟರು ಒಮ್ಮೆ ಮುಲುಗಿ ನಿಂತಿತು. ಗಾಡಿ ಮಾಡಿಕೊಂಡು ಹೊರಟರು, ಬೆಳಗಾವಿಯ ಆಸ್ಪತ್ರೆ ಮುಟ್ಟುವ ಮೊದಲೇ ಅಕ್ಕ ಹೋಗಿಬಿಟ್ಟಿದ್ದಳು. ಆಮೇಲೆ ಪೆಟ್ಟಿಗೆಯನ್ನು ಕಾರ್ಖಾನೆಗೆ ತಂದು ಬಿಚ್ಚಿದೆ. ನಾನು ಆರಿಸಿದ ಟ್ರಾನ್ಸ್‌ಫಾರ್ಮರಿನ ತೆಳು ಸುರುಳಿ ಸುಟ್ಟು ಕರಕಲಾಗಿತ್ತು. ಕಲ್ಲಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟ, ಬೈದಿದ್ದರೆ ಬದುಕುತ್ತಿದ್ದೆ.

ಹದಿಮೂರನೆಯ ದಿನ ಭಾವ ನನ್ನನ್ನು ಹಿತ್ತಲಿಗೆ ಕರೆದೊಯ್ದು ಕೈ ಹಿಡಿದುಕೊಂಡರು.

"ನಾನಽ ಸ್ವಿಚ್ ತಪ್ಪ್ ಒತ್ತಿರಬೇಕೋ. ನೀ ಮಾಡಿದ್ದು ಕೆಡೂದಲ್ಲ. ಖರೇ ಹೇಳ್ತೀನಿ, ಗಾಬರ್ಯಾಗ ಯಾವ್ದು ಒತ್ತಿದೆನೋ ನೆನಪಿಲ್ಲ. ಆಕೀನ ನಾನಽ ಕೊಂದೆ," ಎಂದು ಸಣ್ಣ ಮಕ್ಕಳಂತೆ ಅತ್ತರು.

ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ನಾನು ಅವರ ಬೆನ್ನು ಸವರಿದೆ.

"ಇರ್ಲಿ ಬಿಡ್ರಿ ಭಾವಾ," ಎಂದೆ, "ತಪ್ಪು ಯಾರ ಕೈಯಾಗರೆ ಆಗ್ತೈತಿ."