ಇತ್ಯಾದಿಯ ಡಬ್ಬ

ಆಹಾರ ತಪಾಸಣೆ ಕಚೇರಿಯಲ್ಲಿ ದಿನಗೂಲಿಗೆ ಸೇರಿದ ಮೊದಲ ವಾರವೇ ನನ್ನ ಬುದ್ಧಿಮಟ್ಟ ಬಯಲಾಯಿತು. ದಿನಸಿ ಅಂಗಡಿಯೊಂದರಲ್ಲಿ ನಮ್ಮ ಇನ್‌ಸ್ಪೆಕ್ಟರ್ ಮೇಡಂ ಮಸಾಲೆ ಪೊಟ್ಟಣ ಓದಿ, "ಇದ್ರಲ್ಲಿ ಇತ್ಯಾದಿ ಅಂತಿದೆ. ಏನದು ಕೇಳಿ, ಸ್ಯಾಂಪಲ್ ತಗೊಂಡ್ ಬಾ" ಅಂದರು. ನಾನು ಗಾಜಿನ ಶೀಶೆ ಹಿಡಿದು ಒಳಗೆ ಹೋಗಿ, "ಇತ್ಯಾದಿ ಯಾವ ಡಬ್ಬದಲ್ಲಿದೆ ಯಜಮಾನ್ರೇ?" ಎಂದೆ. ಅಂಗಡಿಯಾತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಖಾಲಿ ಆಗಿದೆ ಸ್ವಾಮಿ, ಸೋಮವಾರ ಬರುತ್ತೆ" ಅಂದ. ನಾನು ನಿಷ್ಠೆಯಿಂದ ಬರೆದುಕೊಂಡೆ: ಇತ್ಯಾದಿ, ದಾಸ್ತಾನು ಇಲ್ಲ.

ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ನಗಲಿಲ್ಲ. "ಅವನು ಕೇಳಿದ್ದು ಸರಿಯಾಗೇ ಇದೆ. ಬಚ್ಚಿಡೋದೆಲ್ಲ ಆ ಡಬ್ಬದಲ್ಲೇ ಇರೋದು."

ಮೇಡಂ ಅಂದರೆ ಕತ್ತಿಗೆ ಶೂ ಲೇಸಿನಲ್ಲಿ ಕಟ್ಟಿದ ಭೂತಗನ್ನಡಿ, ಇಪ್ಪತ್ತಾರು ವರ್ಷದ ಸರ್ವಿಸು. ಅವರು ಬೀದಿಗೆ ಕಾಲಿಟ್ಟರೆ ಅಂಗಡಿಯವರು "ಭೂತ ಬಂತು" ಎಂದು ಒಬ್ಬರಿಗೊಬ್ಬರು ಫೋನು ಮಾಡುತ್ತಿದ್ದರು. ಇರುವೆ ಕಾಲಿನಷ್ಟು ಸಣ್ಣ ಅಕ್ಷರವನ್ನೂ ಅವರು ಬಿಟ್ಟದ್ದು ನಾನು ಕಂಡಿರಲಿಲ್ಲ. ಎರಡು ಬೀದಿ ಆಚೆಗಿನ ಬೇಕರಿ ಅವರ ತಮ್ಮನದು. ತಾಯಿ ಹೋದ ಮೇಲೆ ಇವರೇ ಸಾಕಿ ಬೆಳೆಸಿದ ತಮ್ಮ. ಅಲ್ಲಿಗೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಿದ್ದರು, ಒಬ್ಬರೇ. ಶುಕ್ರವಾರ ಅವನು ಕಚೇರಿಗೆ ಕಳಿಸುತ್ತಿದ್ದ ಬಾದಾಮಿ ಬಿಸ್ಕತ್ತಿನ ಪೊಟ್ಟಣವನ್ನು ನಾವ್ಯಾರೂ ಓದುತ್ತಿರಲಿಲ್ಲ, ಹರಿಯುತ್ತಿದ್ದೆವು. ನಾನಂತೂ ಎರಡು ಕೈಯಲ್ಲಿ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅದೇ ಬಿಸ್ಕತ್ತಿನ ಹರಿದ ಪೊಟ್ಟಣ ಹಿಡಿದು ಬಸ್ ಡ್ರೈವರೊಬ್ಬ ಬಂದ. ಅವನ ಆರು ವರ್ಷದ ಮಗಳಿಗೆ ಕಡಲೆಕಾಯಿ ಆಗುತ್ತಿರಲಿಲ್ಲ; ಚೂರು ಬಾಯಿಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತಿತ್ತು.

"ಮೈದಾ, ಸಕ್ಕರೆ, ಬಾದಾಮಿ, ಇತ್ಯಾದಿ ಅಂತಿತ್ತು. ಓದೇ ಕೊಟ್ಟೆ ಮೇಡಂ" ಎಂದ. ಆಸ್ಪತ್ರೆಯ ಮೆಟ್ಟಿಲು ಮುಟ್ಟುವ ಮೊದಲೇ ಮಗುವಿನ ಉಸಿರು ನಿಂತಿತ್ತು.

ಪ್ರಯೋಗಾಲಯದ ವರದಿ ಬಂದ ದಿನ ಮೇಡಂ ಡ್ರೈವರನ್ನೂ ತಮ್ಮನನ್ನೂ ಕರೆಸಿದರು. ಡ್ರೈವರ್ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ. ತಮ್ಮ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ:

"ಅಕ್ಕಾ, ಬಾದಾಮಿ ಸಾಲದೆ ಕಡಲೆಕಾಯಿ ಪುಡಿ ಬೆರೆಸ್ತಿದ್ದೆ. ಅದಕ್ಕೇ ತಾನೇ ಇತ್ಯಾದಿ ಅಂತ ಹಾಕಿರೋದು? ನಿಂಗೆ ಈಗಷ್ಟೇ ಗೊತ್ತಾಯ್ತು ಅಂತ ಬರೆಸು. ನಿನ್ನ ಕೆಲಸನಾದ್ರೂ ಉಳಿಯುತ್ತೆ."

"ಬಾಯಿ ಮುಚ್ಕೊಂಡ್ ಕೂತ್ಕೋ."

ತನಿಖಾ ನಮೂನೆಯ ಪ್ರಶ್ನೆಗಳನ್ನು ಓದಿ, ಮೇಡಂ ಹೇಳಿದ ಉತ್ತರ ಬರೆಯುವುದು ನನ್ನ ಕೆಲಸ. ಕೊನೆಯ ಸಾಲಿನ ಪ್ರಶ್ನೆ ಮೇಡಂ ಅವರ ಬಗ್ಗೆಯೇ ಇತ್ತು. ಇಲ್ಲ ಅಂದರೆ ಮೇಡಂ ಪಾರು. ಹೌದು ಅಂದರೆ ಕೆಲಸ ಹೋಗಿ, ತಮ್ಮನ ಪಕ್ಕದಲ್ಲೇ ಕಟಕಟೆ. ಆ ಸಾಲು ಬಿಟ್ಟು ಹಾಳೆ ಮಗುಚಲು ನೋಡಿದೆ; ಧೈರ್ಯದಲ್ಲೂ ನಾನು ದಿನಗೂಲಿಯವನೇ.

"ಒಂದು ಉಳೀತಲ್ಲ, ಓದು" ಎಂದರು ಮೇಡಂ.

"ಹಿಂದಿನ ತಪಾಸಣೆಯಲ್ಲಿ ಈ ಲೋಪ ಕಂಡುಬಂದಿತ್ತೇ?"

"ಜೋರಾಗಿ ಓದು. ಅವರಿಗೂ ಕೇಳಲಿ."

ಮತ್ತೆ ಓದಿದೆ. ಮೇಡಂ ಭೂತಗನ್ನಡಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಕಂಡಿತ್ತು. ತಮ್ಮ ಅಂತ ಬಿಟ್ಟೆ. ಹಾಗೇ ಬರಿ, ಇತ್ಯಾದಿ ಅಂತ ಹಾಕ್ಬೇಡ."