ಒಂದು ಲೋಟ ಪೆಟ್ರೋಲು

ಆದೆಲ್ಮೊ ಒಳ್ಳೆಯವನೇ. ಆದರೆ ಆ ಕೆಂಪು ಕಾರಿನ ವಿಷಯಕ್ಕೆ ಬಂದರೆ ಅವನಂಥ ಮೊಂಡ ಇಡೀ ಸಾಂ ಜೊವಾಕಿಂ ಊರಲ್ಲೇ ಇರಲಿಲ್ಲ. ಸೇಬಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನು, ಮದುವೆಗೆ ಮುಂಚೆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಂಡುಬಿಟ್ಟ. ಅಂದಿನಿಂದ ಭಾನುವಾರ ಊರೆಲ್ಲ ಇಗರ್ಜಿಗೆ ಹೋದರೆ ಇವನ ತಲೆ ಎಂಜಿನ್ನಿನೊಳಗೆ. ಏನಾಯಿತೆಂದು ಹೆಂಡತಿ ಇರಾಸಿ ಕೇಳಿದರೆ, "ಏನಿಲ್ಲ ಕಣೇ, ಸಣ್ಣದೊಂದ್ ತೊಂದ್ರೆ" ಅನ್ನುವನು. ಎದುರುಮನೆಯ ವಾಲ್ಮೋರ್ ಒಮ್ಮೆ, "ಹಗ್ಗ ಕಟ್ಟಿ ಎಳೀಲೇನೋ? ನನ್ ಎತ್ತು ಖಾಲಿ ಇದೆ" ಎಂದು ನಾಲ್ಕು ಜನರ ಮುಂದೆ ಆಡಿಕೊಂಡಿದ್ದಕ್ಕೆ ಅವನೊಂದಿಗೆ ಮಾತೇ ಬಿಟ್ಟಿದ್ದ.

ಇರಾಸಿಯ ಕಿಡ್ನಿ ಕೆಟ್ಟು ವರ್ಷಗಳಾಗಿದ್ದವು. ಡಯಾಲಿಸಿಸ್ ಮಾಡಿಸಿಕೊಂಡು ಮಾಡಿಸಿಕೊಂಡು ಹೆಣ್ಣುಮಗಳು ಹಣ್ಣಾಗಿದ್ದಳು. ಅಲ್ಲಿ ಕಡುಚಳಿಗಾಲವಾದ ಜುಲೈ ತಿಂಗಳ ಒಂದು ಬೆಳಗ್ಗೆ, ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗಾಗಿದ್ದಾಗ, ಘಾಟಿಯ ಕೆಳಗೆ ಕರಾವಳಿಯ ದೊಡ್ಡಾಸ್ಪತ್ರೆಯಿಂದ ಫೋನು ಬಂತು. ಹೊಂದುವ ಕಿಡ್ನಿ ಸಿಕ್ಕಿದೆ, ಮಧ್ಯಾಹ್ನದೊಳಗೆ ಬನ್ನಿ, ತಡವಾದರೆ ಮುಂದಿನವರಿಗೆ ಹೋಗುತ್ತದೆ.

ಕಾರು ಜಪ್ಪಯ್ಯ ಅಂದರೂ ಏಳಲಿಲ್ಲ.

ಅದು ಕಬ್ಬಿನ ಆಲ್ಕೋಹಾಲಿನಲ್ಲಿ ಓಡುವ ಕಾರು. ಚಳಿಗೆ ಆಲ್ಕೋಹಾಲು ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಒಂದು ಪುಟ್ಟ ಡಬ್ಬಿಯಲ್ಲಿ ಪೆಟ್ರೋಲು ಇರುತ್ತದೆ, ಗುಂಡಿ ಒತ್ತಿದರೆ ಅದು ಚಿಮ್ಮಿ ಎಂಜಿನ್ ಏಳುತ್ತದೆ. ಚಳಿಗಾಲಕ್ಕೆ ಮುಂಚೆ ಆ ಡಬ್ಬಿ ತುಂಬಿಸಬೇಕೆಂದು ಅಲ್ಲಿ ಗೊತ್ತಿಲ್ಲದವರೇ ಇಲ್ಲ. ಆದೆಲ್ಮೊ ಪ್ಲಗ್ಗು ಬಿಚ್ಚಿ ಒರೆಸಿದ, ಬ್ಯಾಟರಿಯ ತಂತಿ ಬಿಗಿ ಮಾಡಿದ, ಫ್ಯೂಸು ತಿಕ್ಕಿದ. ಕೊನೆಗೆ ಡಬ್ಬಿ ನೋಡಿದರೆ ಒಣಗಿ ಭಣಭಣ! ಆಸ್ಪತ್ರೆಗೆ ತಿರುಗಿ ತಿರುಗಿ ಇದೊಂದು ಮರೆತೇಹೋಗಿತ್ತು.

ಬಂಕು ಇನ್ನೂ ತೆರೆದಿರಲಿಲ್ಲ. ವಾಲ್ಮೋರ್‌ನ ಬಳಿ ಮರ ಕೊಯ್ಯುವ ಯಂತ್ರವಿತ್ತು, ಅದಕ್ಕೆಂದು ಅವನು ಪೆಟ್ರೋಲು ಇಟ್ಟಿರುತ್ತಿದ್ದ. ಆದೆಲ್ಮೊ ಹೋಗಿ ಬಾಗಿಲು ಬಡಿದ.

"ಒಂದ್ ಲೋಟ ಪೆಟ್ರೋಲ್ ಬೇಕಿತ್ತು."

ಮಾತೆ ಎಂಬ ಎಲೆಯ ಬಿಸಿ ಕಷಾಯ ಹೀರುತ್ತಿದ್ದ ವಾಲ್ಮೋರ್ ಕಣ್ಣರಳಿಸಿದ. "ಏನಪ್ಪಾ, ನಿನ್ ರಾಣಿ ಮುನಿಸ್ಕೊಂಡ್ಳಾ?"

"ತಮಾಷೆ ಬೇಡ. ಕೊಡ್ತೀಯೋ ಇಲ್ವೋ?"

ಯಾಕೆಂದು ಹೇಳಲೇ ಇಲ್ಲ ಪುಣ್ಯಾತ್ಮ! ಅಂಗಳದಲ್ಲಿ ವಾಲ್ಮೋರ್‌ನ ಡೀಸೆಲ್ ಪಿಕಪ್ ಗಟ್ಟಿಮುಟ್ಟಾಗಿ ನಿಂತಿತ್ತು. ಅದನ್ನು ಕೇಳಲು ಬಾಯಿ ಬರಲಿಲ್ಲ. ಹೆಂಡತಿಯ ಜೀವ ಹೋಗುವ ಹೊತ್ತಲ್ಲೂ ಗಂಡಸಿನ ಬಿಗುಮಾನ ನೋಡಿ.

ವಾಲ್ಮೋರ್ ತುಂಬಿಸಿಕೊಟ್ಟ ಲೋಟ ಹಿಡಿದು ಆದೆಲ್ಮೊ ಓಡಿಬಂದ. ಆ ರಭಸಕ್ಕೆ ಅರ್ಧ ಚೆಲ್ಲಿತು. ಉಳಿದದ್ದನ್ನು ಕಾರ್ಬುರೇಟರಿನ ಬಾಯಿಗೆ ಸುರಿದು, "ಹತ್ಕೊಳ್ಳೇ ತಾಯಿ, ನಿನ್ ಕಾಲಿಗ್ ಬೀಳ್ತೀನಿ" ಎಂದು ಗೋಗರೆಯುತ್ತ ಮತ್ತೆ ಮತ್ತೆ ಕೀಲಿ ತಿರುಗಿಸಿದ. ಇರಾಸಿ ಬಟ್ಟೆಯ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಊದಿದ ಕಾಲಿಗೆ ತನ್ನ ಷೂ ಹಿಡಿಸದೆ ಗಂಡನದನ್ನು ತೊಟ್ಟಿದ್ದಳು. ಲೋಟದ ಹಿಂದೆಯೇ ಬಂದ ವಾಲ್ಮೋರ್, "ಎಲ್ಲಿಗ್ ಹೊರಟ್ಯಮ್ಮಾ?" ಅಂದ.

"ಕಿಡ್ನಿ ಸಿಕ್ಕಿದ್ಯಂತೆ ಅಣ್ಣಾ. ಮಧ್ಯಾಹ್ನದೊಳಗೆ ಬರ್ಬೇಕಂತೆ" ಅನ್ನುತ್ತ ಅತ್ತೇಬಿಟ್ಟಳು.

"ಲೋ ಮುಟ್ಠಾಳ! ಇದಕ್ಕೇನೋ ಪೆಟ್ರೋಲ್ ಕೇಳಿದ್ದು? ಗಾಡಿ ಕೇಳಕ್ಕೇನಾಗಿತ್ತೋ ನಿಂಗೆ!" ಎಂದು ಕಿರುಚಿ ವಾಲ್ಮೋರ್ ತನ್ನ ಅಂಗಳಕ್ಕೆ ಓಡಿದ.

ಪಿಕಪ್ ಬಂದು ಬಾಗಿಲಲ್ಲಿ ನಿಲ್ಲುವುದಕ್ಕೂ, ಕಾರು ಕೆಮ್ಮಿ, ನೀಲಿ ಹೊಗೆ ಕಾರಿ, ಗುಡುಗುಟ್ಟುತ್ತ ಏಳುವುದಕ್ಕೂ ಸರಿಹೋಯಿತು.

"ಬಂತು! ಬಾರೇ, ಹತ್ಕೋ ಬಾ!" ಆದೆಲ್ಮೊ ಹುಚ್ಚನಂತೆ ಕೂಗಿದ.

ಇರಾಸಿ ಆಗಲೇ ಪಿಕಪ್ಪಿನ ಬಾಗಿಲ ಮೇಲೆ ಕೈಯಿಟ್ಟಿದ್ದಳು. ಅಲ್ಲಿಂದಲೇ ತಿರುಗಿದಳು. "ನನ್ ಮುಖ ನೋಡಿ ಹೇಳು. ಘಾಟಿ ಇಳಿಯೋವರ್ಗೂ ನಿಲ್ಲಲ್ವಾ ಅದು?"

ಹೆಂಡತಿಯ ಮುಂದೆ ಆ ಕಾರನ್ನು ಅವನು ಒಂದು ದಿನವೂ ಬಿಟ್ಟುಕೊಟ್ಟು ಮಾತಾಡಿದವನಲ್ಲ. ಕಣ್ಣು ತುಂಬಿ ಬಂತು.

"ನಿಲ್ಲತ್ತೆ ಕಣೇ," ಅಂದ. "ಎಲ್ಲಾದ್ರೂ ನಿಂತೇ ನಿಲ್ಲತ್ತೆ."

ತನ್ನ ಕೈಯಾರೆ ಎಂಜಿನ್ ಆರಿಸಿ ಪಿಕಪ್ಪಿನತ್ತ ಬಂದ. ಇರಾಸಿ ಒಳಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.