ಎನಿಡ್ ಪಾಸ್ಕೋ ಮುಗಿಸದ ವಾಲ್ಟ್ಸ್

ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್‌ನ ನಮ್ಮ ಗೋಧಿ ಸೀಮೆಯಲ್ಲಿ ಮದುವೆಗಳು ಸ್ವರ್ಗದಲ್ಲಿ ನಿಶ್ಚಯವಾಗುತ್ತಿರಲಿಲ್ಲ, ಎನಿಡ್ ಪಾಸ್ಕೋಳ ಪಿಯಾನೋದ ಮೇಲೆ ನಿಶ್ಚಯವಾಗುತ್ತಿದ್ದವು. ಶನಿವಾರದ ಕುಣಿತದಲ್ಲಿ ಚಹಾ-ತಿಂಡಿಗೆ ಮುಂಚಿನ ವಾಲ್ಟ್ಸ್ ಎಂಬ ಜೋಡಿನೃತ್ಯವನ್ನು ಯಾರ ಕೈ ಹಿಡಿದು ಸುತ್ತಿದರೋ ಅವರ ಪಕ್ಕದಲ್ಲೇ ಕೂತು ತಿನ್ನಬೇಕು; ಅದು ಸೀಮೆಯ ಕಟ್ಟಳೆ. ತನಗೆ ಒಪ್ಪಿಗೆಯಾದ ಜೋಡಿ ಕಂಡರೆ ಎನಿಡ್ ನಿಧಾನವಾಗಿ ನುಡಿಸುವಳು. ಒಪ್ಪದಿದ್ದರೆ ಏದುಸಿರು ಬರುವಂತೆ ಓಡಿಸಿ, ಪಿಸುಮಾತಿಗೆ ಬಿಡುವೇ ಕೊಡಳು. ಪಾದ್ರಿಯದೇನಿದ್ದರೂ ಆಮೇಲಿನ ಶಾಸ್ತ್ರ.

ಅವಳು ಸಂಗೀತ ಕಲಿತದ್ದು ಕಾನ್ವೆಂಟಿನಲ್ಲಿ, ಬೆರಳಗಂಟಿಗೆ ರೂಲರ್ ಏಟು ತಿಂದು. ಊರ ಹಾಲ್‌ನ ಪಿಯಾನೋದೊಳಗೆ ಇಲಿ ಸಂಸಾರ ಹೂಡಿತ್ತು. ಅದರ ಮೇಲೆಯೇ ವಾಲ್ಟ್ಸ್ ಧಾಟಿಗಳನ್ನು ಕಟ್ಟಿ, ಅವಕ್ಕೆ ತನ್ನ ಮನೆಯ ನಾಯಿಗಳ ಹೆಸರಿಟ್ಟಳು. ಬ್ರಿಸ್ಬೇನಿನಿಂದ ಬಂದ ರೇಡಿಯೋದವನೊಬ್ಬ ಕೇಳಿ ಬೆರಗಾದ. ಹೆಸರು ಬದಲಾಯಿಸಿದರೆ ಪ್ರಸಾರ ಮಾಡುತ್ತೇನೆಂದ.

"ನಾಯಿಗೇನ್ರೀ ಕಮ್ಮಿ? ನಿಮ್ಮ ಹೆಸರಿಡ್ಲಾ?" ಎಂದಳು. ಅಲ್ಲಿಗೆ ಅವಳ ಖ್ಯಾತಿ ಮುಗಿಯಿತು.

ಆದರೆ ದೀಪದ ಬುಡದಲ್ಲೇ ಕತ್ತಲೆ. ಊರನ್ನೆಲ್ಲ ಕುಣಿಸಿದವಳು ತಾನು ಒಂದು ಹೆಜ್ಜೆಯೂ ಕುಣಿದವಳಲ್ಲ. ಮೂವತ್ತು ದಾಟಿದರೂ ಅವಳ ತಿಂಡಿಯ ತಟ್ಟೆ ಪಿಯಾನೋದ ಮೇಲಕ್ಕೇ ಬರುತ್ತಿತ್ತು. ಅವಳ ಮನಸ್ಸಿದ್ದದ್ದು ಕುರಿಗಳ ಉಣ್ಣೆ ಕತ್ತರಿಸುವ ಲೆಸ್ ಡ್ವಯರ್ ಮೇಲೆ. ಅವನೋ, ಪ್ರತಿ ಶನಿವಾರ ಅವಳ ಪಕ್ಕ ನಿಂತು ಕಾಲಲ್ಲಿ ತಾಳ ಹಾಕಿ, ಕೊನೆಗೆ ಇನ್ಯಾರನ್ನೋ ಕುಣಿಯಲು ಕರೆಯುತ್ತಿದ್ದ.

ಸುಗ್ಗಿ ಮುಗಿದ ಶನಿವಾರ ತಿಂಡಿಯ ವಾಲ್ಟ್ಸಿಗೆ ಅವನು ಬೇಕರಿಯವರ ಮಗಳು ನೋಲಾಳ ಕೈ ಹಿಡಿದ. ಪಿಯಾನೋ ಮುಂದೆ ಕೂತ ಎನಿಡ್ ಅದನ್ನು ನೋಡಿದಳು. ವಾಲ್ಟ್ಸ್ ಮುಗಿದರೆ ತಾನೆ ಇಬ್ಬರೂ ಪಕ್ಕಪಕ್ಕ ಕೂರುವುದು? ಕೂತಲ್ಲೇ ಹೊಸದೊಂದನ್ನು ಕಟ್ಟಿದಳು. ಅದು ಸುತ್ತಿ ಸುತ್ತಿ ಮೊದಲಿಗೇ ಬರುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ.

"ಎನಿಡ್! ಚಹಾ ಕುದ್ದೂ ಕುದ್ದೂ ಕಷಾಯ ಆಯ್ತು ಕಣೇ!" ಅಡುಗೆಕೋಣೆಯಿಂದ ಗಿಲೆಸ್ಪಿ ಅಜ್ಜಿ ಕೂಗಿದಳು.

"ಕುಡೀರಿ ಅಜ್ಜಿ, ಕೆಮ್ಮಿಗೆ ಒಳ್ಳೇದು!" ಎಂದಳು ಎನಿಡ್, ಕೈ ನಿಲ್ಲಿಸದೆ.

ಜೋಡಿಗಳು ಒಂದೊಂದಾಗಿ ಸೋತು ಗೋಡೆಗೆ ಒರಗಿದವು. ಹಸಿದ ಜನ ಬೇರೆ ಕೆಲಸವಿಲ್ಲದೆ ಅದೇ ಧಾಟಿಯನ್ನು ಗುನುಗತೊಡಗಿದರು. ಕೊನೆಗೆ ನೋಲಾಳೂ ಶೂ ಕಿತ್ತೆಸೆದು, "ನಂಗೆ ಗಂಡಸಿಗಿಂತ ಸ್ಯಾಂಡ್‌ವಿಚ್ ಮುಖ್ಯ" ಎಂದು ಅಡುಗೆಕೋಣೆಗೆ ನಡೆದಳು.

ಲೆಸ್ ಬೆವರೊರೆಸುತ್ತ ಪಿಯಾನೋ ಬಳಿ ಬಂದ. "ಏನೇ ಮಾರಾಯ್ತಿ, ಸಾಯಿಸ್ತೀಯಾ?"

"ನಿಲ್ಸಿದ್ರೆ ನೀನು ಅವಳ ಪಕ್ಕ ಕೂರ್ತಿದ್ದೆ."

ಅವನು ತಲೆ ಕೆರೆದುಕೊಂಡ. "ನಿನ್ನ ಕರೆಯೋಣ ಅಂತ್ಲೇ ವಾರವಾರ ಇಲ್ಲಿ ಬಂದು ನಿಲ್ತೀನಿ. ನೀನೆದ್ರೆ ನುಡಿಸೋರ್ಯಾರು?"

ಎನಿಡ್ ಪಿಯಾನೋದಿಂದ ಕೈ ತೆಗೆದಳು. ವಾಲ್ಟ್ಸ್ ನಿಲ್ಲಲಿಲ್ಲ, ಜನರ ಬಾಯಲ್ಲಿ ಮುಂದುವರಿಯಿತು. ಅಷ್ಟು ಹೊತ್ತು ಕೇಳಿ ಕೇಳಿ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು.

ಅವಳು ಎದ್ದಳು. ಕುಣಿಯಲು ಅವಳಿಗೆ ಸುತರಾಂ ಬರುತ್ತಿರಲಿಲ್ಲ. ಲೆಸ್‌ನ ಕಾಲ್ಬೆರಳುಗಳನ್ನು ಒಂದೂ ಬಿಡದೆ ತುಳಿದಳು. "ತಾಳ ತಪ್ತಿದೀರ, ಕತ್ತೆಗಳಾ!" ಎಂದು ಹಾಡುವವರನ್ನು ಬೈದಳು.

"ನೀನು ಸುಮ್ನೆ ಕುಣಿ!" ಎಂದು ಇಡೀ ಹಾಲ್ ಗದರಿತು.

ಅವಳು ನಗುತ್ತ ಲೆಸ್‌ನ ಕೈ ಹಿಡಿದು ಮತ್ತೆ ಸುತ್ತಿದಳು. ಆ ವಾಲ್ಟ್ಸನ್ನು ಮುಗಿಸುವುದು ಹೇಗೆಂದು ಹಾಡುವವರಿಗೆ ಗೊತ್ತಿರಲಿಲ್ಲ, ಅವಳೂ ಹೇಳಿಕೊಡಲಿಲ್ಲ.